ಮೊದಲ ಸಾಲಿನ ಲೆಕ್ಕ

ವಿಜಯಪುರದವರು ಎಂದು ಹೇಳಿಕೊಂಡರೆ ಈಗ ಎದುರಿಗಿರುವವರು ಗೋಳಗುಮ್ಮಟದ ಮಾತು ತೆಗೆಯುತ್ತಾರೆ. 2014ರಲ್ಲಿ ಬಿಜಾಪುರ ಹೆಸರು ಬದಲಿಸಿಕೊಂಡ ಮೇಲೆ ದೇವನಹಳ್ಳಿ ತಾಲ್ಲೂಕಿನ ನಾವು ‘ಅದಲ್ಲ ಸ್ವಾಮಿ, ರೇಷ್ಮೆ ಗೂಡಿನ ವಿಜಯಪುರ’ ಎಂದು ಬಾಲ ಸೇರಿಸಿಯೇ ಮಾತಾಡಬೇಕು. ಎಳೆ ಎಣಿಸಿ ಹೊಲಿಯುವ ಹುಚ್ಚಿನವರಿಗೆ ಮಾತ್ರ ಎರಡು ವಿಜಯಪುರಗಳೂ ಬೇಕು. ಆ ಕಡೆ, ಧಾರವಾಡ ಬೆಳಗಾವಿಯ ಸೀಮೆಯಲ್ಲಿ, ಕಸೂತಿ ಪಳಗಿದ ಕೈಗಳಿವೆ. ಈ ಕಡೆ ನೂಲಿದೆ. ಎರಡನ್ನೂ ಒಟ್ಟಿಗೆ ಕೇಳುವ ಹೊಲಿಗೆಯೊಂದು ಇಟಲಿಯದು, ಹೆಸರು ಬಾರ್ಜೆಲೊ.

ಫ್ಲಾರೆನ್ಸ್ ನಗರದಲ್ಲಿ ಬಾರ್ಜೆಲೊ ಎಂಬ ಕೋಟೆಯಂಥ ಕಟ್ಟಡವಿದೆ. 1255ರಲ್ಲಿ ಕಟ್ಟಲು ತೊಡಗಿದ್ದು. ಬಹುಕಾಲ ಸೆರೆಮನೆಯಾಗಿತ್ತು, 1865ರಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅಲ್ಲಿದ್ದ 17ನೇ ಶತಮಾನದ ಕುರ್ಚಿಗಳ ಹೊದಿಕೆಯಲ್ಲಿ ಈ ಹೊಲಿಗೆ ಕಂಡದ್ದಕ್ಕೆ ಕಟ್ಟಡದ ಹೆಸರೇ ಅಂಟಿಕೊಂಡಿತು. ಜ್ವಾಲೆ ಹೊಲಿಗೆ, ಹಂಗೇರಿ ಹೊಲಿಗೆ, ಐರಿಷ್ ಹೊಲಿಗೆ ಎಂದೂ ಕರೆಯುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1758ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿ ತಯಾರಾದ ಒಂದು ದೊಡ್ಡ ಒರಗು ಕುರ್ಚಿಯಿದೆ. ಅದರ ಜ್ವಾಲೆ ಹೊಲಿಗೆಯ ಹೊದಿಕೆ ಅಂದು ಹೊದಿಸಿದ್ದೇ. ಇನ್ನೂರೈವತ್ತು ವರ್ಷ ದಾಟಿದರೂ ನಿಂತ ಕುರ್ಚಿಬಟ್ಟೆ ಅದು.

ಹೊಲಿಗೆಯ ಕ್ರಮ ಹೇಳುವುದಕ್ಕೆ ಎರಡು ನಿಮಿಷ ಸಾಕು. ಜಾಳು ಕ್ಯಾನ್ವಾಸಿನ ಮೇಲೆ ಸೂಜಿಯನ್ನು ನೆಟ್ಟಗೆ ನಾಲ್ಕು ಎಳೆ ದಾಟಿಸಿ ಚುಚ್ಚಬೇಕು. ಪಕ್ಕದ ಹೊಲಿಗೆಯೂ ನಾಲ್ಕೇ ಎಳೆ, ಆದರೆ ಎರಡು ಎಳೆ ಮೇಲಿನಿಂದ ಶುರು. ಹೀಗೆ ಮೆಟ್ಟಿಲು ಹತ್ತಿ ಹತ್ತಿ ತುದಿ ಮುಟ್ಟಿದ ಮೇಲೆ ಅದೇ ಲೆಕ್ಕದಲ್ಲಿ ಇಳಿಯುವುದು. ಒಂದೊಂದೇ ಹೊಲಿಗೆಯಾಗಿ ಹತ್ತಿದರೆ ಬೆಂಕಿಯ ನಾಲಿಗೆಯಂಥ ಚೂಪು ಮೊನೆ. ತುದಿಯ ಹತ್ತಿರ ಎರಡೋ ಮೂರೋ ಹೊಲಿಗೆಗಳನ್ನು ಒಂದೇ ಎತ್ತರದಲ್ಲಿ ನಿಲ್ಲಿಸಿದರೆ ಮೊನೆ ದುಂಡಗಾಗಿ ಕಮಾನು ಬರುತ್ತದೆ. ಕೆಳಗೆ ಗೆರೆಯಿಲ್ಲ, ಅಚ್ಚಿಲ್ಲ. ಎಣಿಕೆಯೆಲ್ಲ ಮೊದಲ ಸಾಲಿಗೆ. ಎರಡನೆಯ ಸಾಲಿನಿಂದ ಬೇರೆ ಬಣ್ಣದ ದಾರ ಹಿಡಿದು ಮೇಲಿನದರ ಬೆನ್ನು ಹಿಡಿದು ಹೋದರೆ ಮುಗಿಯಿತು. ಮೊದಲ ಸಾಲಿನಲ್ಲಿ ಒಂದು ಎಳೆ ತಪ್ಪಿದರೆ ಕೊನೆಯ ಸಾಲಿನವರೆಗೂ ಆ ಸೊಟ್ಟು ಹಾಗೇ ಇಳಿದುಬರುತ್ತದೆ. ಆದ್ದರಿಂದ ಆ ಸಾಲನ್ನು ಬಟ್ಟೆಯ ನಡುಮಧ್ಯದಿಂದ ಶುರುಮಾಡಿ ಎರಡೂ ಕಡೆಗೆ ಹೋಗುವುದು ಜಾಣತನ. ಎಡ ಅಂಚಿನಿಂದ ಹೊರಟವರ ಪಟ್ಟಿ ಬಲ ಅಂಚಿನಲ್ಲಿ ಅರ್ಧ ಶಿಖರಕ್ಕೆ ಕತ್ತರಿಸಿಹೋಗುತ್ತದೆ.

ಇಷ್ಟು ಕೇಳಿದ ಧಾರವಾಡದ ಅಜ್ಜಿಯೊಬ್ಬರು ‘ಇದು ನಮ್ಮ ನೇಗಿನs ಅಲ್ಲೇನವಾ’ ಎಂದರೆ ಆಶ್ಚರ್ಯವಿಲ್ಲ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಮೆರವಣಿಗೆಯೆಲ್ಲ ಗವಂತಿ, ಮುರಗಿಗಳದ್ದೇ: ಮುಂದೆಯೂ ಹಿಂದೆಯೂ ಒಂದೇ ರೂಪ, ಎಲ್ಲೂ ಗಂಟಿಲ್ಲ ಎಂದು ಹೊಗಳಿಸಿಕೊಳ್ಳುತ್ತವೆ. ನೇಗಿಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ನನ್ನ ಓಟು ನೇಗಿಗೆ. ಎಳೆಗಳ ಮೇಲೊಮ್ಮೆ, ಕೆಳಗೊಮ್ಮೆ ಉದ್ದ ಗಿಡ್ಡ ಹೊಲಿಗೆಗಳು ಸಾಲಾಗಿ ಹರಿದು, ಸೂಜಿಯ ಕೆಲಸವೋ ಮಗ್ಗದ ಕೆಲಸವೋ ತಿಳಿಯದಂತೆ ಕೂತುಬಿಡುತ್ತವೆ. ನೀಲಗಿರಿಯ ತೋಡರ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರದಲ್ಲಿ ಹೊಲಿಯುವುದೂ ಇದೇ ವಂಶದ್ದು. ಕಸೂತಿಗೂ ಬಾರ್ಜೆಲೊಗೂ ದೊಡ್ಡ ವ್ಯತ್ಯಾಸ ನೆಲದ್ದು. ಚಂದ್ರಕಾಳಿ ಸೀರೆಯ ಕಪ್ಪು ಕಾಣುತ್ತಿದ್ದರೇ ಅದರ ಮೇಲಿನ ತೇರು, ಗೋಪುರ, ತುಳಸಿಕಟ್ಟೆಗೆ ಕಳೆ. ಬಾರ್ಜೆಲೊದಲ್ಲಿ ಕ್ಯಾನ್ವಾಸ್ ಒಂದು ಚುಕ್ಕೆ ಕಂಡರೂ ಕೆಲಸ ಕೆಟ್ಟಂತೆ.

ಈ ಮುಚ್ಚುವ ಕೆಲಸಕ್ಕೆ ನಮ್ಮೂರಿನ ನೂಲು ಬರುತ್ತದೆ. ಆನ್‌ಲೈನ್‌ನಲ್ಲಿ ವಿದೇಶಿ ಉಣ್ಣೆಯ ಕಿಟ್ ತರಿಸುವವರನ್ನು ಕಂಡರೆ ನನಗೆ ಮರುಕ. ದುಡ್ಡೂ ಹೆಚ್ಚು, ಬಣ್ಣವೂ ಯಾರೋ ಆರಿಸಿಟ್ಟದ್ದು. ರೇಷ್ಮೆಯಲ್ಲಿ ಮಾಡುವುದಾದರೆ ಹಾಸಿನ ನೂಲು ಬೇಡ, ಹೊಕ್ಕಿನದು ಕೇಳಿ. ಮಗ್ಗದ ಎಳೆತ ತಡೆಯಬೇಕೆಂದು ಹಾಸಿಗೆ ಬಿಗಿಯಾಗಿ ಹುರಿ ಹಾಕಿರುತ್ತಾರೆ. ಅಂಥ ದಾರ ತಂತಿಯ ಹಾಗೆ ಗುಂಡಗೆ ನಿಂತು ಪಕ್ಕದ ಎಳೆಯನ್ನು ಮುಚ್ಚುವುದಿಲ್ಲ. ಹೊಕ್ಕಿಗೆ ಹುರಿ ಕಡಿಮೆ, ಒತ್ತಿದರೆ ಹರಡಿಕೊಳ್ಳುತ್ತದೆ. ಬಿಚ್ಚಿದ ಹಸಿ ರೇಷ್ಮೆಯನ್ನು ನೇರ ತರಬೇಡಿ. ಗೂಡಿನ ಅಂಟು ಇರುವವರೆಗೂ ಅದು ಒರಟು, ಮಂಕು. ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದಾಗ ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿದರೂ ಹೊಳಪು ಬರುವುದು ಆಮೇಲೆಯೇ. ಎಷ್ಟು ಎಳೆ ಕೂಡಿಸಬೇಕೆಂಬುದನ್ನು ಕ್ಯಾನ್ವಾಸಿನ ಮೂಲೆಯಲ್ಲಿ ಬೆರಳಗಲ ಹೊಲಿದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹೊಸಬರು ಮಾತ್ರ ಮ್ಯಾಟಿ ಬಟ್ಟೆ, ಆಂಕರ್ ದಾರದ ಆರೂ ಎಳೆ, ಮೊಂಡು ಮೂತಿಯ ಸೂಜಿ ಇಟ್ಟುಕೊಂಡು ಕೈ ಪಳಗಿಸಿಕೊಳ್ಳಲಿ. ರೇಷ್ಮೆ ಒಡೆದ ಉಗುರಿಗೂ ಸಿಕ್ಕಿಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ನಾನು ಹಟಮಾರಿ. ಕಾಮನಬಿಲ್ಲಿನ ಏಳೂ ಬಣ್ಣ ತುಂಬಿದ ಬಾರ್ಜೆಲೊ ಜಾತ್ರೆಯ ಪೆಂಡಾಲು. ಒಂದೇ ಬಣ್ಣದ ನಾಲ್ಕೈದು ಮೆಟ್ಟಿಲು ಸಾಕು: ಬದನೆಕಾಯಿ ಬಣ್ಣದಿಂದ ಹೊರಟು ಈರುಳ್ಳಿ ಸಿಪ್ಪೆಯವರೆಗೆ ತಿಳಿಯಾಗುತ್ತಾ ಬಂದು, ಮತ್ತೆ ಒಮ್ಮೆಗೇ ಬದನೆಕಾಯಿಗೆ ಹಾರುವುದು. ಆ ಹಾರಿಕೆಯಲ್ಲೇ ಜ್ವಾಲೆ ಅಲುಗಿದಂತೆ ಕಾಣುವುದು. ಲಡಿಗಳನ್ನು ಸಾಲಾಗಿಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು ನೋಡಿ. ಅದರಲ್ಲಿ ಎರಡು ಲಡಿ ಒಂದೇ ಬೂದಿಯಾಗಿ ಕಂಡರೆ ಒಂದು ದಂಡ, ವಾಪಸ್ ಕೊಡಿ.

ಇನ್ನು ಹಿಂಬದಿ. ಹತ್ತುವಾಗಲೂ ಇಳಿಯುವಾಗಲೂ ಸೂಜಿಯನ್ನು ಕೆಳಗಿನಿಂದ ಮೇಲಕ್ಕೇ ಒಯ್ದರೆ ಹತ್ತುವ ಕಡೆ ಬೆನ್ನಿನಲ್ಲಿ ಎರಡು ಎಳೆಯಷ್ಟು ದಾರ ಹೋಗುತ್ತದೆ, ಇಳಿಯುವ ಕಡೆ ಆರು. ಶಿಖರ ಮುಟ್ಟಿದ ಕೂಡಲೇ ದಿಕ್ಕು ತಿರುಗಿಸಿ ಮೇಲಿನಿಂದ ಕೆಳಕ್ಕೆ ಹೊಲಿದರೆ ಆ ಕಡೆಯೂ ಎರಡೇ ಎಳೆ. ಗೋಡೆಗೆ ಹಾಕುವ ಪಟ್ಟಿಗೆ, ಕನ್ನಡಕದ ಚೀಲಕ್ಕೆ ಈ ಉಳಿತಾಯ ಸರಿ, ಅದರಲ್ಲೂ ಇವತ್ತಿನ ರೇಷ್ಮೆ ದರದಲ್ಲಿ. ಕುರ್ಚಿಯ ಸೀಟಿಗೆ ಕೈ ಬಿಗಿ ಮಾಡಬೇಡಿ. ಬೆನ್ನಿನಲ್ಲಿ ತುಂಬಿಕೊಂಡ ದಾರವೇ ಕೂತವರ ಭಾರಕ್ಕೆ ಮೆತ್ತೆ.