ವಾರಂ ಪರ್ಸಿಯ ಚರ್ಚು: ಒಂದು ಹಾಳಿನ ಕಾಲನಿರ್ಣಯ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವಾರಂ ಪರ್ಸಿಯು, ನಮ್ಮ ಕಂದಾಯದ ದಫ್ತರಗಳ ಮಾತಿನಲ್ಲಿ ಹೇಳುವುದಾದರೆ, ಒಂದು ಬೇಚಿರಾಕ್ ಗ್ರಾಮ. ಮನೆಗಳೆಲ್ಲ ಹುಲ್ಲು ಬೆಳೆದ ದಿಬ್ಬಗಳಾಗಿವೆ. ಮಧ್ಯಯುಗದ ಕಟ್ಟಡಗಳಲ್ಲಿ ನಿಂತಿರುವುದು ಸಂತ ಮಾರ್ಟಿನ್ನನ ಚರ್ಚೊಂದೇ, ಅದಕ್ಕೂ ಸೂರಿಲ್ಲ. 1348-49ರ ಮಹಾಮಾರಿಯಿಂದ ಊರು ಅಳಿಯಿತು, ಊರಿನೊಡನೆ ಚರ್ಚೂ ಪಾಳುಬಿದ್ದಿತು ಎಂಬ ಜನಪ್ರಿಯ ಕಥನ ಸಾಧುವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಾರಿಯ ತರುವಾಯವೂ ಆ ಊರು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಬೇಸಾಯಕ್ಕಿಂತ ಕುರಿಯ ಉಣ್ಣೆ ಲಾಭಕರವೆನಿಸಿದಾಗ, 1500ರ ಸುಮಾರಿಗೆ, ಭೂಮಾಲೀಕರು ಕಡೆಯ ಒಕ್ಕಲುಗಳನ್ನು ಎಬ್ಬಿಸಿದರು. ಊರನ್ನು ಬರಿದುಮಾಡಿದ್ದು ರೋಗವೊಂದೇ ಅಲ್ಲ, ಲೆಕ್ಕಾಚಾರವೂ ಹೌದು.

1950ರಿಂದ 1990ರವರೆಗೆ ಇಲ್ಲಿ ಉತ್ಖನನ ನಡೆಯಿತು. ಅದನ್ನು ನಡೆಸಿದ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ತಂಡವು ಚರ್ಚಿನ ನೆಲವನ್ನು ಅಗೆದುದಲ್ಲದೆ ಗೋಡೆಗಳನ್ನೂ ಕಲ್ಲುಕಲ್ಲಾಗಿ ಪರಿಶೀಲಿಸಿತು. ಮೊದಲಿದ್ದುದು ಮರದ ಚಿಕ್ಕ ಕಟ್ಟಡವೆಂದು ಸಂಶೋಧಕರು ಊಹಿಸಿದ್ದಾರೆ. ಆ ಬಳಿಕ ಕಲ್ಲಿನ ಚರ್ಚು ಬಂತು. 12-13ನೆಯ ಶತಮಾನಗಳಲ್ಲಿ ಸಭಾಂಗಣದ ಮಗ್ಗುಲಿಗೆ ಅಂಕಣಗಳು ಸೇರಿದವು. ಮುಂದೆ ಅವನ್ನು ಕೆಡವಿ ಕಮಾನುಗಳನ್ನು ಮುಚ್ಚಿದರು. ಹೀಗೆ ಮುಚ್ಚಿದ ಕಮಾನುಗಳು ಇಂದಿಗೂ ಗೋಡೆಯಲ್ಲಿ ಹುದುಗಿ ಕಾಣುತ್ತವೆ. ಬಲಿಪೀಠದ ಭಾಗವೂ 17ನೆಯ ಶತಮಾನದಲ್ಲಿ ಮೊಟಕಾಯಿತು.

ಜನಸಂಖ್ಯೆ ಏರಿದಂತೆ ಚರ್ಚು ಹಿಗ್ಗಿತು, ಇಳಿದಂತೆ ಕುಗ್ಗಿತು ಎಂಬ ವ್ಯಾಖ್ಯಾನವನ್ನು ಒಪ್ಪಬಹುದು. ಆದರೆ ಯಾವ ಊರಿನ ಜನಸಂಖ್ಯೆ? ಈ ಚರ್ಚು ಐದು ಹಳ್ಳಿಗಳಿಗೆ ಸೇರಿದ್ದು. ವಾರಂ ಪರ್ಸಿ ಬರಿದಾದ ಮೇಲೂ ಥಿಕ್ಸೆಂಡೇಲಿನಂಥ ಹಳ್ಳಿಯವರು ಗುಡ್ಡ ದಾಟಿ ಇಲ್ಲಿಗೆ ಬಂದು ಪ್ರಾರ್ಥಿಸಿದರು, ತಮ್ಮವರನ್ನು ಇಲ್ಲಿಯೇ ಮಣ್ಣುಮಾಡಿದರು. ಊರು ಅಳಿದರೂ ಗುಡಿಗೆ ನೆರೆಹಳ್ಳಿಗಳು ನಡೆದುಕೊಳ್ಳುವ ವಾಡಿಕೆಯನ್ನು ಬಲ್ಲ ನಮಗೆ ಇದು ಅಚ್ಚರಿಯಲ್ಲ. ಕುಗ್ಗಿಸಿದ ಗೋಡೆಯನ್ನು ಅವನತಿಯ ಗುರುತೆಂದಷ್ಟೇ ಓದುವುದು ಅಪೂರ್ಣ. ಇದ್ದಷ್ಟು ಜನ ತಮ್ಮ ಶಕ್ತಿಗೆ ತಕ್ಕಂತೆ ಕಟ್ಟಡವನ್ನು ಉಳಿಸಿಕೊಂಡುದರ ಗುರುತೂ ಅದೇ.

1870ರಲ್ಲಿ ಥಿಕ್ಸೆಂಡೇಲಿನಲ್ಲಿಯೇ ಚರ್ಚು ಎದ್ದಿತು. ಆಗ ಹಳೆಯ ಚರ್ಚಿನ ದಾರಿ ಸವೆಯುವುದು ನಿಂತಿತು. 1949ರಲ್ಲಿ ಇಲ್ಲಿ ಕಡೆಯ ಆರಾಧನೆ ನಡೆಯಿತು. ಆಮೇಲೆ ಮಾಡಿನ ಸೀಸವನ್ನು ಕಳ್ಳರು ಕಿತ್ತೊಯ್ದರು; 1959ರಲ್ಲಿ ಗೋಪುರದ ಒಂದು ಪಾರ್ಶ್ವ ಕುಸಿಯಿತು. ಎಂದ ಮೇಲೆ ಕಟ್ಟಡ ಮಧ್ಯಯುಗದ್ದು, ಹಾಳು ಮಾತ್ರ 20ನೆಯ ಶತಮಾನದ್ದು. ಈ ಎರಡು ಕಾಲಗಳನ್ನು ಒಂದಾಗಿಸುವ ಬರವಣಿಗೆ ನಡುವಣ ನಾಲ್ಕೂವರೆ ಶತಮಾನಗಳ ಜನರ ನಿಷ್ಠೆಯನ್ನು ಅಳಿಸಿಹಾಕುತ್ತದೆ. ಶಾಸನಗಳ ಅಕ್ಷರಕ್ಕೆ ಒಗ್ಗಿದ ನಮ್ಮ ಸಂಶೋಧಕರಿಗೆ ಈ ಮೂಕ ಗೋಡೆಯಿಂದ ಕಲಿಯತಕ್ಕದ್ದಿದೆ: ಕಟ್ಟಿದ ವರ್ಷವೊಂದೇ ಕಟ್ಟಡದ ಚರಿತ್ರೆಯಲ್ಲ, ಅದನ್ನು ಯಾರು ಯಾವಾಗಿನವರೆಗೆ ಕಾಪಾಡಿದರೆಂಬುದೂ ಚರಿತ್ರೆಯೇ.