ಡಗ್ಗಾ ಕೇಳದವರು ಖಯಾಲು ಕೇಳಿಲ್ಲ: ಎಲ್‌ಪಿ ರಸಿಕರಿಗೊಂದು ಕೈಪಿಡಿ

ನಮ್ಮ ಕಡೆ ಸಂಗೀತ ಬಲ್ಲೆವೆಂದು ಹೇಳಿಕೊಳ್ಳುವವರಿಗೆ ಬರವಿಲ್ಲ. ನಮ್ಮ ಕುಕನೂರಿನಿಂದ ಗದಗು ಏನು ದೂರ? ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಆಶ್ರಮದ ಹಾಡು ಈ ಸೀಮೆಯ ಹಳ್ಳಿಹಳ್ಳಿಗೂ ಬಂದು ಮುಟ್ಟಿದೆ. ಭೀಮಸೇನ ಜೋಶಿಯವರು ರೋಣದವರು ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಆದರೆ ಈಗಿನ ಬೈಠಕ್ಕುಗಳಲ್ಲಿ ಅಕ್ಕಪಕ್ಕ ಕೂತವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ತಾನ್ ಉದ್ದವಾಯಿತೆಂದರೆ ಚಪ್ಪಾಳೆ, ದನಿ ಮೇಲೇರಿತೆಂದರೆ ಶಿಳ್ಳೆ. ಮರುದಿನ ಮೊಬೈಲನ್ನು ಕಿಸೆಯಲ್ಲೇ ಇಟ್ಟುಕೊಂಡು ಅದರ ಸ್ಪೀಕರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿ, ‘ಏನ್ ಹಾಡ್ಯಾರ್ರೀ’ ಎನ್ನುತ್ತಾರೆ. ಅವರಿಗೆ ಸಿಕ್ಕಿದ್ದು ಅರ್ಧ ಹಾಡು. ಅರ್ಧ ಹೋಯಿತೆಂಬುದೂ ಅವರಿಗೆ ತಿಳಿದಿಲ್ಲ.

ಈ ನಡುವೆ ಒಂದು ಒಳ್ಳೆಯದಾಗಿದೆ. ಊರಿನಿಂದ ಬೆಂಗಳೂರಿಗೆ ಹೋಗಿ ನೌಕರಿ ಹಿಡಿದ ಕೆಲವು ಹುಡುಗರು, ಹುಡುಗಿಯರು ಟರ್ನ್‌ಟೇಬಲ್ ಕೊಂಡು ಎಲ್‌ಪಿ ತಟ್ಟೆ ಕೇಳುತ್ತಿದ್ದಾರೆ. ಹಬ್ಬಕ್ಕೆ ಬಂದಾಗ ‘ಏನನ್ನು ಕೇಳಬೇಕು, ಹೇಗೆ ಕೇಳಬೇಕು’ ಎಂದು ನನ್ನನ್ನು ವಿಚಾರಿಸುತ್ತಾರೆ. ಈ ಬರಹ ಅವರಿಗಾಗಿ. ರಾಗವೆಂದರೇನು, ತಾಳವೆಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಅದನ್ನು ಯಾವ ಸಂಗೀತ ಮೇಷ್ಟ್ರಾದರೂ ಹೇಳಿಕೊಟ್ಟಾರು. ಯಾರೂ ಹೇಳದ ಒಂದು ಮಾತನ್ನು ನಾನು ಹೇಳಬೇಕು: ಹಾಡನ್ನು ಕೆಳಗಿನಿಂದ ಕೇಳಿ. ಮೊದಲು ಡಗ್ಗಾ, ಅಂದರೆ ತಬಲಾ ಜೋಡಿಯ ಕೆಳದನಿಯ ಎಡ ವಾದ್ಯ; ಆಮೇಲೆ ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ ತಂತಿ; ಕೊನೆಗೆ ಗಾಯಕ.

ಕಾರಣ ಸರಳವಾಗಿದೆ. ತಬಲಾದ ‘ಧಾ’ ಎಂಬ ಬೋಲಿನಲ್ಲಿ ಎರಡೂ ಕೈಗಳ ಪೆಟ್ಟು ಒಟ್ಟಿಗೆ ಬೀಳುತ್ತದೆ. ಅದರಿಂದ ಡಗ್ಗಾದ ಗುಂಯ್ ಎಂಬ ದನಿಯನ್ನು ತೆಗೆದುಬಿಡಿ, ಉಳಿಯುವುದು ‘ತಾ’. ‘ಧಿನ್’ನಿಂದ ಡಗ್ಗಾ ತೆಗೆಯಿರಿ, ಉಳಿಯುವುದು ‘ತಿನ್’. ಈಗ ತೀನತಾಲದ ಠೇಕಾ ನೋಡಿ. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಹದಿನಾರು ಮಾತ್ರೆಗಳಲ್ಲಿ ಹತ್ತರಿಂದ ಹದಿಮೂರರವರೆಗೆ ಡಗ್ಗಾ ಬಾಯಿ ಮುಚ್ಚುತ್ತದೆ. ಹದಿನಾಲ್ಕನೆಯ ಮಾತ್ರೆಗೆ ಮತ್ತೆ ಗುಂಯ್‌ಗುಡುತ್ತದೆ. ಆ ದನಿ ಮರಳಿತೆಂದರೆ ಸಮಕ್ಕೆ, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆಗೆ, ಇನ್ನು ಮೂರೇ ಮಾತ್ರೆ ಎಂದು ಅರ್ಥ. ಗಾಯಕ ಆಲಾಪದಲ್ಲಿ ಎಷ್ಟೇ ದೂರ ಹೋಗಿರಲಿ, ಆ ಗುಂಯ್‌ಕಾರ ಕಿವಿಗೆ ಬಿದ್ದೊಡನೆ ಮನೆಯ ಹಾದಿ ಹಿಡಿಯುತ್ತಾನೆ. ಕೇಳುಗನೂ ಅವನ ಜೊತೆ ತಿರುಗಬೇಕು. ಸಮದಲ್ಲಿ ಬಾಯಿಂದ ಹೊರಡುವ ‘ವಾಹ್’ ಸಾಚಾ ಆಗುವುದು ಆಗ ಮಾತ್ರ.

ವಿಲಂಬಿತ ಏಕತಾಲದಲ್ಲಿಯೂ ಇದೇ ಕಥೆ. ಐದರಿಂದ ಎಂಟನೆಯ ಮಾತ್ರೆಯವರೆಗೆ, ತೂ ನಾ ಕತ್ ತಾ ಎನ್ನುವಲ್ಲಿ, ಡಗ್ಗಾದ ಗುಂಯ್‌ಕಾರ ಇಲ್ಲ. ಒಂಬತ್ತಕ್ಕೆ ‘ಧಾಗೆ’ ಎಂದು ಅದು ಮರಳುತ್ತದೆ. ಮಾತ್ರೆಗಳ ನಡುವಿನ ಅಂತರ ಹಿಗ್ಗಿದ ಕಿರಾಣಾ ಘರಾಣೆಯ ಹಾಡಿಕೆಯಲ್ಲಿ ಬೆರಳೆಣಿಸಿ ಕೂತರೆ ರಾಗ ಕೈತಪ್ಪುತ್ತದೆ. ಡಗ್ಗಾ ಹಿಡಿದವನಿಗೆ ಎಣಿಕೆಯೇ ಬೇಡ.

ಮೊಬೈಲಿನ ಸ್ಪೀಕರು ಈ ಕೆಳದನಿಯನ್ನು ಹೊರಡಿಸಲಾರದು. ಅದರ ಅಳತೆಗೆ ಅದು ಸಾಧ್ಯವಿಲ್ಲ. ಹೀಗಾಗಿ ಅದರಲ್ಲಿ ಧಾ ಮತ್ತು ತಾ ಒಂದೇ, ಧಿನ್ ಮತ್ತು ತಿನ್ ಒಂದೇ. ತೀನತಾಲವೆಂದರೆ ಒಂದೇ ಬಗೆಯ ಹದಿನಾರು ಟಕಟಕ. ಡಗ್ಗಾ ಸುಮ್ಮನಾಗುವ ಖಾಲಿ ಭಾಗ ಎಲ್ಲಿ, ಸಮ ಎಲ್ಲಿ? ಅದು ತಿಳಿಯದೆ ತಲೆದೂಗುವುದು ಬರೀ ಸೋಗು.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಯಲಬುರ್ಗಾದ ಒಬ್ಬ ನಿವೃತ್ತ ಶಿಕ್ಷಕರು. ಅವರ ಮನೆಯಲ್ಲಿ ಕಟ್ಟಿಗೆಯ ದೊಡ್ಡ ರೇಡಿಯೊಗ್ರಾಂ ಇತ್ತು. ಮನ್ಸೂರರ ತಟ್ಟೆ ಹಾಕಿ, ನನ್ನ ಅಂಗೈಯನ್ನು ಅದರ ಮಗ್ಗುಲಿಗೆ ಒತ್ತಿ ಹಿಡಿದು, ‘ಹಾಡು ಬಿಡು, ಕಟ್ಟಿಗೆ ಯಾವಾಗ ಸುಮ್ಮನಾಗತೈತಿ ಹೇಳು’ ಎಂದರು. ಕೆಲವು ಆವರ್ತನಗಳಾದ ಮೇಲೆ ಅಂಗೈಗೆ ಖಾಲಿ ತಿಳಿಯಿತು. ಅದು ತಿಳಿದ ಗಳಿಗೆಯಲ್ಲೇ ಮನ್ಸೂರರು ಏನು ಮಾಡುತ್ತಿದ್ದಾರೆಂಬುದೂ ತಿಳಿಯಿತು. ಒಂದು ಸ್ವರವಾಕ್ಯ ಮುಗಿಯುವ ಮೊದಲೇ ಇನ್ನೊಂದರ ಎಳೆ ಹಿಡಿದು, ಉಸಿರಿಗೂ ತೆರಪಿಲ್ಲವೆನ್ನುವಂತೆ ನೇಯುತ್ತ ಬಂದು, ಹಾಡಿನ ಮೊದಲ ಸಾಲಿನ ತುಣುಕಾದ ಮುಖಡಾವನ್ನು ಸಮದ ಮೇಲೆ ಕರಾರುವಾಕ್ಕಾಗಿ ಇಳಿಸುವ ಜಯಪುರ-ಅತ್ರೌಲಿ ವಿದ್ಯೆ ಅದು. ನೀಲಕಂಠಬುವಾ ಅಲೂರಮಠರ ಬಳಿ ಗ್ವಾಲಿಯರ್ ಪಾಠ ಮುಗಿಸಿ, ಮಂಜಿ ಖಾನ್ ಮತ್ತು ಬುರ್ಜಿ ಖಾನರಿಂದ ಪಡೆದದ್ದು. ಠೇಕಾ ಸರಳವಾಗಿ, ನೇರವಾಗಿ ನಡೆಯುತ್ತಿರಬೇಕು. ಆಗಲೇ ಆ ನೇಯ್ಗೆಯ ಬಿಗಿ ಕಾಣುವುದು.

ಆಮೇಲೆ ಕುಂದಗೋಳದ ನಾಡಗೇರ ವಾಡೆಗೆ, ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ಹೋಗತೊಡಗಿದೆ. ಹೊತ್ತು ಏರಿದಂತೆ ಹರಟೆಯವರು ಎದ್ದುಹೋಗಿ, ಬೆಳಗಿನ ಜಾವಕ್ಕೆ ಕೇಳುವವರಷ್ಟೇ ಉಳಿಯುತ್ತಿದ್ದರು. ಹಳೆಯ ವಾಡೆಯಲ್ಲಿ ಹತ್ತಿರ ಕೂತರೆ ಡಗ್ಗಾದ ಮೇಲೆ ಮಣಿಕಟ್ಟು ಜಾರಿಸಿ ಎಳೆಯುವ ಮೀಂಡು ಕೂಡ ಕೇಳುತ್ತಿತ್ತು. ಈ ಮೀಂಡಿನ ಮಾತು ಬಂದದ್ದರಿಂದ ಒಂದು ಪ್ರಶ್ನೆಗೆ ಉತ್ತರಿಸಬೇಕು. ‘ಕೆಳದನಿ ಬೇಕಾದರೆ ಡಿಜೆ ಇದೆಯಲ್ಲ’ ಎನ್ನುತ್ತಾರೆ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಟ್ರ್ಯಾಕ್ಟರಿಗೆ ಹೇರಿ ಮನೆಯ ಗೋಡೆ ನಡುಗಿಸುವುದು ಕೆಳದನಿಯಲ್ಲ, ಗುದ್ದು. ಒಂದೇ ಪೆಟ್ಟು, ಒಂದೇ ಎತ್ತರ, ಒಂದೇ ಅಳತೆ. ಡಗ್ಗಾದ ದನಿ ಏರುತ್ತದೆ, ಬಾಗುತ್ತದೆ, ಗಾಯಕನ ಮಾತಿಗೆ ಹೂಂಗುಡುತ್ತದೆ. ಡಿಜೆಗೆ ಒಗ್ಗಿದ ಕಿವಿ ಮತ್ತೆ ಮನುಷ್ಯರ ಸಂಗೀತಕ್ಕೆ ಬರಬೇಕಾದರೆ ಬಹಳ ದಿನ ಪಥ್ಯ ಮಾಡಬೇಕು.

ಕೆಳಗಿನಿಂದ ಕೇಳುವ ಈ ವಿದ್ಯೆ ನಮ್ಮ ಸಂಗೀತಕ್ಕಷ್ಟೇ ಸಲ್ಲುವುದಲ್ಲ. 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಎಂಬ ಪಿಯಾನೊ ವಾದಕ ತನ್ನ ಇಬ್ಬರು ಸಂಗಡಿಗರೊಂದಿಗೆ ನುಡಿಸಿದ. ಆ ಒಂದು ದಿನದ ಧ್ವನಿಮುದ್ರಣದಿಂದ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’ ಮತ್ತು ‘ವಾಲ್ಟ್ಜ್ ಫಾರ್ ಡೆಬಿ’ ಎಂಬ ಎರಡು ಎಲ್‌ಪಿಗಳು ಹೊರಬಂದವು. ಜಾಝ್ ಲೋಕ ಇವುಗಳನ್ನು ಇಂದಿಗೂ ತಲೆಯ ಮೇಲಿಟ್ಟುಕೊಂಡಿದೆ. ಕೇಳುವವರು ಪಿಯಾನೊಗೆ ಮರುಳಾಗುತ್ತಾರೆ. ನೀವು ಸ್ಕಾಟ್ ಲಫಾರೊನ ಬಾಸ್ ಹಿಡಿಯಿರಿ. ಅಲ್ಲಿಯವರೆಗೆ ಬಾಸ್ ವಾದಕನ ಮುಖ್ಯ ಕೆಲಸ ನಡಿಗೆ ತಪ್ಪದಂತೆ ಹೆಜ್ಜೆ ಹಾಕುವುದಾಗಿತ್ತು. ಈ ಹುಡುಗ ಹೆಜ್ಜೆ ಬಿಟ್ಟು ಮಾತಿಗಿಳಿದ. ಪಿಯಾನೊ ಹೇಳಿದ್ದಕ್ಕೆ ಉತ್ತರ ಕೊಟ್ಟ, ಹೇಳದೆ ಬಿಟ್ಟದ್ದನ್ನು ಪೂರ್ತಿ ಮಾಡಿದ. ಪಾಲ್ ಮೋಶಿಯನ್‌ನ ಡ್ರಮ್ಸ್ ಅವರಿಬ್ಬರಿಗೂ ಜಾಗ ಬಿಟ್ಟುಕೊಟ್ಟಿತು. ಹನ್ನೊಂದು ದಿನಗಳ ನಂತರ, ಜುಲೈ 6ರಂದು, ಲಫಾರೊ ಕಾರಿನ ಅಪಘಾತದಲ್ಲಿ ತೀರಿಕೊಂಡ. ಅವನಿಗೆ 25 ವರ್ಷ. ಮೊಬೈಲಿನಲ್ಲಿ ಈ ತಟ್ಟೆ ಕೇಳಿದವರಿಗೆ ಆ ಹುಡುಗ ಇದ್ದನೆಂದೇ ಗೊತ್ತಾಗುವುದಿಲ್ಲ.

ಅಮೆರಿಕದ ಅನಲಾಗ್ ಪ್ರೊಡಕ್ಷನ್ಸ್‌ನವರು ‘ವಾಲ್ಟ್ಜ್ ಫಾರ್ ಡೆಬಿ’ಯನ್ನು 45 ಆರ್‌ಪಿಎಂನ ಎರಡು ತಟ್ಟೆಗಳಲ್ಲಿ ಮರುಮುದ್ರಿಸಿದ್ದರು. ಒಂದು ತಟ್ಟೆಯದನ್ನು ಎರಡಕ್ಕೆ ಹಂಚಿದ್ದೇಕೆ ಎಂಬುದನ್ನು ತಿಳಿದರೆ ನಮ್ಮ ಖಯಾಲಿನ ತಟ್ಟೆಗಳ ಕಷ್ಟವೂ ತಿಳಿಯುತ್ತದೆ. 33⅓ ಆರ್‌ಪಿಎಂನ ಎಲ್‌ಪಿಯಲ್ಲಿ ಹೊರ ಅಂಚಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳತುದಿಗೆ ಬರುವ ಹೊತ್ತಿಗೆ ಅದು 21ಕ್ಕೆ ಇಳಿಯುತ್ತದೆ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹೊಳಪು ಹೋಗುತ್ತದೆ, ಸ್ವರ ಒಡೆಯುತ್ತದೆ. ಖಯಾಲು ಶುರುವಾಗುವುದು ವಿಲಂಬಿತದಿಂದ, ಅದಕ್ಕೆ ಹೊರ ಅಂಚಿನ ವಿಶಾಲ ಜಾಗ. ಮುಗಿಯುವುದು ದ್ರುತ್‌ನಲ್ಲಿ. ತಾನ್‌ಗಳು ದಟ್ಟೈಸಿ ಬರುವ ಹೊತ್ತಿಗೇ ತಟ್ಟೆಯಲ್ಲಿ ಜಾಗ ಇಕ್ಕಟ್ಟು. ದ್ರುತ್ ಒರಟಾಗಿ ಕೇಳಿದರೆ ಅದಕ್ಕೆ ಗಾಯಕನನ್ನು ದೂರಬೇಡಿ. 45ರ ವೇಗದಲ್ಲಿ ಈ ಕಷ್ಟ ಕಡಿಮೆ, ಆದರೆ ಒಂದು ಮಗ್ಗುಲಿಗೆ ಹಿಡಿಸುವ ಸಮಯವೂ ಕಡಿಮೆ. ಜಾಝ್‌ನ ಐದಾರು ನಿಮಿಷದ ತುಣುಕುಗಳಿಗೆ ಅದು ಸರಿ. ಇಪ್ಪತ್ತು ನಿಮಿಷದ ಯಮನ್ ಅನ್ನು ನಡುವೆ ಕತ್ತರಿಸಿ ತಟ್ಟೆ ಮಗುಚುವುದಕ್ಕೆ ನಾನು ಒಪ್ಪುವುದಿಲ್ಲ.

ಇನ್ನೊಂದು ಸಂಗತಿ. ಕೆಳದನಿಯನ್ನು ಇದ್ದಂತೆ ಕೊರೆದರೆ ಗೀರು ಅತ್ತಿತ್ತ ಬಹಳ ಹೊಯ್ದಾಡಿ ಪಕ್ಕದ ಗೀರಿಗೆ ತಾಗುತ್ತದೆ. ಆದ್ದರಿಂದ ಕೊರೆಯುವಾಗ ಅದನ್ನು ತಗ್ಗಿಸಿ, ನುಡಿಸುವಾಗ ಮತ್ತೆ ಎತ್ತುತ್ತಾರೆ. 1954ರಿಂದ ನೆಲೆಗೊಂಡ, ಆರ್‌ಐಎಎ ಎಂದು ಕರೆಯುವ ಕಟ್ಟಳೆ ಇದೇ. ಎತ್ತುವ ಕೆಲಸ ಫೋನೊ ಪ್ರಿಯಾಂಪಿನದು. ಅದಿಲ್ಲದೆ ತಂತಿಯನ್ನು ನೇರ ಆಂಪ್ಲಿಫೈಯರಿಗೆ ಚುಚ್ಚಿದರೆ ಡಗ್ಗಾ ಸತ್ತಂತೆ. ಸೂಟ್‌ಕೇಸಿನ ಆಕಾರದ ಬಣ್ಣಬಣ್ಣದ ಪ್ಲೇಯರುಗಳೂ ಬೇಡ. ಅವುಗಳ ಅಂಗೈಯಗಲದ ಸ್ಪೀಕರು ನಿಮ್ಮನ್ನು ಮತ್ತೆ ಮೊಬೈಲಿನ ಹತ್ತಿರವೇ ತಂದು ನಿಲ್ಲಿಸುತ್ತದೆ. ಗೋಡೆಗೆ ತಟ್ಟೆ ನೇತುಹಾಕಿ ಫೋಟೊ ತೆಗೆಸಿಕೊಳ್ಳುವವರಿಗೆ ಅವು ಸಾಕು. ನಿಮಗೆ ಸಾಲದು.

ಮರುಮುದ್ರಣ ಕೊಳ್ಳುವಾಗ 180 ಗ್ರಾಂ ಎಂಬ ತೂಕಕ್ಕೆ ಮೋಸಹೋಗಬೇಡಿ. ತೂಕದಿಂದ ಸಂಗೀತ ಬರುವುದಿಲ್ಲ. ಮೂಲ ಟೇಪಿನಿಂದ ಕೊರೆದದ್ದೋ ಎಂದು ಕೇಳಿ. ಗಾಯಕ ಬಾಯಿ ತೆರೆಯುವ ಮೊದಲಿನ ಕೆಲವು ಕ್ಷಣಗಳನ್ನು ಗಮನಿಸಿ. ತಂಬೂರಿಯ ಖರ್ಜದ ತಂತಿ ಮೀಟಿದ ಮೇಲೆ ಅದರ ಜೀವಾಳಿಯ ಝೇಂಕಾರ ಮುಂದಿನ ಮೀಟಿನವರೆಗೂ ಉಳಿದಿದೆಯೇ? ಡಗ್ಗಾದ ಗುಂಯ್‌ಕಾರ ತಾನಾಗಿ ಕರಗುತ್ತದೆಯೇ, ಕತ್ತರಿಸಿದಂತೆ ನಿಲ್ಲುತ್ತದೆಯೇ? ಚರಪರ ಸದ್ದನ್ನು ಒರೆಸಹೋದವರು ಎಷ್ಟೋ ಸಲ ಇವೆರಡನ್ನೂ ಒರೆಸಿಬಿಡುತ್ತಾರೆ. ಚರಪರ ಇದ್ದರೆ ಇರಲಿ. ನಾಲ್ಕು ಆವರ್ತನಗಳಲ್ಲಿ ಕಿವಿ ಅದನ್ನು ಮರೆಯುತ್ತದೆ. ಕಳೆದುಹೋದ ಝೇಂಕಾರವನ್ನು ಯಾವ ಕಿವಿಯೂ ಕಟ್ಟಿಕೊಳ್ಳಲಾರದು.

78 ಆರ್‌ಪಿಎಂನ ಹಳೆಯ ತಟ್ಟೆಗಳದು ಬೇರೆಯೇ ಲೋಕ, ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ ಮುಗಿಸಬೇಕು. ಆದರೂ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯ ತಟ್ಟೆ ಕೇಳಿಯೇ ಹುಡುಗ ಭೀಮಸೇನ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳನ್ನೂ, ಗಂಟಲ ಶಸ್ತ್ರಚಿಕಿತ್ಸೆಯ ನಂತರದ ಎಲ್‌ಪಿಗಳನ್ನೂ ಒಂದರ ಪಕ್ಕ ಒಂದು ಕೇಳಿ. ಎಳೆಯ ಎತ್ತರದ ದನಿ ಕೆಳಗಿಳಿದು, ಅಗಲವಾಗಿ, ಗಂಭೀರವಾಗಿ ನಿಂತ ಬಗೆ ಕಾಣುತ್ತದೆ. ಹೆಣ್ಣುದನಿ ಸಣ್ಣಗಿದ್ದರೇ ಚೆಂದ ಎನ್ನುವವರಿಗೆ ಆ ಎಲ್‌ಪಿಗಳಿಗಿಂತ ದೊಡ್ಡ ಉತ್ತರವಿಲ್ಲ. ಕೆಳದನಿಯಲ್ಲಿ ಎಷ್ಟು ಕರುಣೆ, ಎಷ್ಟು ಕೆಚ್ಚು ಹಿಡಿಸುತ್ತದೆಂದು ನನಗೆ ಕಲಿಸಿದ್ದು ಅವರ ಹಾಡು.

ಶುರು ಮಾಡುವವರು ಮನ್ಸೂರರ ತೀನತಾಲದ ವಿಲಂಬಿತ ಇರುವ ಎಲ್‌ಪಿಯೊಂದನ್ನು ಹಿಡಿಯಲಿ. ಅದರ ನಡೆ ತೀರ ನಿಧಾನವಲ್ಲ, ಹೊಸ ಕಿವಿಗೂ ದಕ್ಕುತ್ತದೆ. ಮೊದಲು ಹಾಡಿಗೆ ಗಮನ ಕೊಡದೆ ಡಗ್ಗಾ ನಿಂತದ್ದು, ಮರಳಿದ್ದು ಇಷ್ಟನ್ನೇ ಹಿಡಿಯಿರಿ. ಹದಿನಾಲ್ಕನೆಯ ಮಾತ್ರೆ ಎಣಿಸದೆಯೇ ಸಿಗತೊಡಗಿದ ಮೇಲೆ ಗಾಯಕನ ಕಡೆ ತಿರುಗಿ. ಘರಾಣೆ, ಪ್ರಶಸ್ತಿ, ಯಾರ ಶಿಷ್ಯ ಯಾರು ಎಂಬ ವಿವರಗಳೆಲ್ಲ ಆಮೇಲಿನವು. ಅವುಗಳನ್ನು ಬಾಯಿಪಾಠ ಮಾಡಿದವರು ಪ್ರತಿ ಬೈಠಕ್ಕಿನಲ್ಲೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ತಪ್ಪು ಮಾತ್ರೆಗೆ ‘ವಾಹ್’ ಎನ್ನುತ್ತಾರೆ. ಸಮ ಬರುವುದನ್ನು ಮೂರು ಮಾತ್ರೆ ಮೊದಲೇ ಅರಿತು, ಗಾಯಕನೊಂದಿಗೆ ಉಸಿರು ಹಿಡಿದು ಕೂತ ಒಬ್ಬ ಕೇಳುಗ ಸಭೆಯಲ್ಲಿದ್ದರೂ ಹಾಡುವವನಿಗೆ ಅದು ಗೊತ್ತಾಗುತ್ತದೆ, ಹಾಡು ಬೆಳೆಯುತ್ತದೆ. ನಮ್ಮ ಊರುಗಳಿಗೆ ಈಗ ಬೇಕಾಗಿರುವುದು ಅಂಥ ಕೇಳುಗರು.