ಕೋಲಿನ ಕೆಳಗಿನ ಪಂಚಾಂಗ

ಬೆಳಗ್ಗೆ ಗೂಡಿನ ಬಾಗಿಲು ತೆಗೆದವರು ಮೊದಲು ಕೋಳಿ ಎಣಿಸುತ್ತಾರೆ. ನಾನು ಹಿಕ್ಕೆ ನೋಡುತ್ತೇನೆ. ರಾತ್ರಿ ಅವು ಕೂರುವ ಕೋಲಿನ ಕೆಳಗೆ ಹಳೆಯ ಗೊಬ್ಬರದ ಚೀಲ ಹಾಸಿಟ್ಟಿರುತ್ತೇನೆ. ಯಾವ ಯಾಟೆ ಎಲ್ಲಿ ಕೂತಿತ್ತು, ಅದರ ಹೊಟ್ಟೆ ಹೇಗಿದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಮನೆಯವರು ಮೂಗು ಮುಚ್ಚಿಕೊಂಡು ನಗುತ್ತಾರೆ. ನಗಲಿ.

ಮೊನ್ನೆ ಚಿಂತಾಮಣಿ ಕಡೆಯವರೊಬ್ಬರು ಫೋನ್ ಮಾಡಿದ್ದರು. "ಸಾರ್, ಕೋಳಿಗೆ ಭೇದಿ. ಕಂದು ಬಣ್ಣ, ಅಂಟಂಟು, ತಡೆಯಲಾಗದ ನಾತ. ಜಂತಿನ ಔಷಧಿ ಕುಡಿಸಿಬಿಟ್ಟೆ." ದಿನಕ್ಕೆಷ್ಟು ಸಲ ಹಾಗೆ ಎಂದು ಕೇಳಿದೆ. ಎರಡು ಮೂರು ಸಲ, ಮಿಕ್ಕಿದ್ದೆಲ್ಲ ಗಟ್ಟಿಯಾಗೇ ಇದೆ ಎಂದರು. ಆ ಕೋಳಿಗೆ ಏನೂ ಆಗಿರಲಿಲ್ಲ. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಕುರುಡು ಕರುಳುಗಳಿವೆ. ಸೊಪ್ಪುಸದೆ ಅಲ್ಲಿ ಕೊಳೆತು, ದಿನಕ್ಕೆ ಕೆಲವು ಸಲ ಹೀಗೆ ಹೊರಬೀಳುತ್ತದೆ. ಅದು ನಾರುವುದೇ ಆರೋಗ್ಯ. ಉಳಿದ ಹಿಕ್ಕೆ ಕಂದುಬೂದು ಬಣ್ಣಕ್ಕಿದ್ದು, ಮೇಲೆ ಬಿಳಿ ಟೋಪಿ ಇರಬೇಕು. ಆ ಬಿಳಿಯೇ ಕೋಳಿಯ ಮೂತ್ರ. ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿದರೆ, ಕಲ್ಲಂಗಡಿ ಸಿಪ್ಪೆ ತಿಂದರೆ ನೀರಾಗುತ್ತದೆ. ಅದಕ್ಕೂ ಔಷಧಿ ಬೇಡ.

ಹೆದರಬೇಕಾದದ್ದು ರಕ್ತಕ್ಕೆ. ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿವೆ, ಹಿಕ್ಕೆಯಲ್ಲಿ ಕೆಂಪಿದೆ ಎಂದರೆ ಅದು ಬಹುಮಟ್ಟಿಗೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಇದು ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಜಂತಿನ ಔಷಧಿ ಎಷ್ಟು ಕುಡಿಸಿದರೂ ಇದಕ್ಕೆ ನಾಟುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಮಳೆ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಗೂಡಿನ ಹೊಟ್ಟು ಒದ್ದೆಯಾದರೆ ಇದರ ಬೀಜಗಳು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಇದಕ್ಕೆ ಮದ್ದು ಆಂಪ್ರೋಲಿಯಂ. ಶೇ. 20ರ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂ ಕಲಸಿ, ಐದು ದಿನ ಆ ನೀರನ್ನು ಮಾತ್ರ ಇಡಬೇಕು. ಆ ದಿನಗಳಲ್ಲಿ ಶಕ್ತಿ ಬರಲಿ ಎಂದು ಬಿ ಕಾಂಪ್ಲೆಕ್ಸ್ ಕಲಸುವವರಿದ್ದಾರೆ. ಆಂಪ್ರೋಲಿಯಂ ಬಿ1 ಜೀವಸತ್ವದ ವೇಷ ಹಾಕಿಕೊಂಡು ಆ ಜೀವಿಯನ್ನು ಉಪವಾಸ ಕೆಡವುವ ಮದ್ದು. ನೀವು ಅಸಲಿ ಬಿ1 ಕೊಟ್ಟರೆ ವೇಷ ಕಳಚಿಬೀಳುತ್ತದೆ. ವಿಟಮಿನ್ನು ಆಮೇಲೆ ಕೊಡಿ.

ಇನ್ನು ಹುಳುಗಳು. ದುಂಡು ಜಂತು ಬೇಯಿಸಿದ ಶ್ಯಾವಿಗೆಯ ಹಾಗೆ, ಎರಡರಿಂದ ನಾಲ್ಕು ಅಂಗುಲ ಉದ್ದ. ಆದರೆ ಅದು ಹಿಕ್ಕೆಯಲ್ಲಿ ಬೀಳುವವರೆಗೆ ಕಾಯಬೇಡಿ. ಸಂಜೆ ಕೋಳಿ ಹಿಡಿದು ಎದೆ ಸವರಿ. ಕಾಳು ಚೆನ್ನಾಗಿ ತಿನ್ನುತ್ತಿದ್ದೂ ಎದೆಮೂಳೆ ಮಚ್ಚಿನ ಅಲಗಿನಂತೆ ಕೈಗೆ ತಾಗಿದರೆ, ಜುಟ್ಟು ಬಿಳಿಚಿದ್ದರೆ, ಒಳಗೆ ಪಾಲುದಾರರಿದ್ದಾರೆ ಎಂದು ಅನುಮಾನಿಸಬಹುದು. ಪಿಪರಜಿನ್ ಕೊಟ್ಟರೆ ಜಂತು ಕೈಕಾಲು ಸೋತವರಂತೆ ಹೊರಬೀಳುತ್ತದೆ. ಬೀಳುವುದು ಬೆಳೆದವು ಮಾತ್ರ, ಕರುಳಿನ ಗೋಡೆಯೊಳಗಿನ ಮರಿಗಳು ಉಳಿಯುತ್ತವೆ. ಹಾಗಾಗಿ ಎರಡು ಮೂರು ವಾರದ ಮೇಲೆ ಇನ್ನೊಂದು ಸಲ ಕೊಡಲೇಬೇಕು. ಈ ಎರಡನೇ ಸಲವನ್ನೇ ಎಲ್ಲರೂ ಮರೆಯುವುದು. ಬೆಳ್ಳುಳ್ಳಿ, ಬೇವಿನಸೊಪ್ಪು ಅರೆದು ತಿನ್ನಿಸುವವರಿಗೆ ನನ್ನ ಆಕ್ಷೇಪವಿಲ್ಲ. ಕೋಳಿಗೂ ತೊಂದರೆಯಿಲ್ಲ, ಹುಳುವಿಗೂ ಇಲ್ಲ.

ಲಾಡಿಹುಳು ಬೇರೆ ದಾರಿಯಲ್ಲಿ ಬರುತ್ತದೆ. ಹಿಕ್ಕೆಯ ಮೇಲೆ ಅಕ್ಕಿನುಚ್ಚಿನಂಥ ಚೂರುಗಳು ಹರಿದಾಡುತ್ತಿದ್ದರೆ ಅದೇ. ಇದರ ಮರಿಗಳನ್ನು ಹೊತ್ತು ತರುವುದು ಇರುವೆ, ನೊಣ, ಜೀರುಂಡೆ. ಕೋಳಿ ಅವನ್ನು ತಿಂದಾಗ ಹುಳು ಹೊಟ್ಟೆ ಸೇರುತ್ತದೆ. ಇಲ್ಲಿ ಶಿಡ್ಲಘಟ್ಟದವರಿಗೊಂದು ಮಾತು. ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಕೋಳಿಗೆ ಒಳ್ಳೆಯ ಪ್ರೋಟೀನು, ನಾನೂ ಹಾಕುತ್ತೇನೆ. ಚೆನ್ನಾಗಿ ಒಣಗಿದ್ದನ್ನು ಹಾಕಿ. ತಿಪ್ಪೆಯಲ್ಲಿ ರಾಶಿ ಸುರಿದು ಕೊಳೆಯಲು ಬಿಟ್ಟರೆ ನೊಣ, ಇರುವೆಗಳಿಗೆ ಹಬ್ಬ, ಅವುಗಳ ಹಿಂದೆಯೇ ಲಾಡಿಹುಳು. ಇದಕ್ಕೆ ಪಿಪರಜಿನ್ ಸಾಲದು, ಪ್ರಾಜಿಕ್ವಾಂಟೆಲ್ ಬೇಕು. ಕೋಳಿಯ ತೂಕಕ್ಕೆ ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶುವೈದ್ಯರಲ್ಲಿ ಕೇಳಿಯೇ ಕೊಡಿ.

ಹುಳುವೂ ಇಲ್ಲ, ರಕ್ತವೂ ಇಲ್ಲ, ಕೋಳಿ ಮಾತ್ರ ಸೊರಗುತ್ತಿದೆಯೇ? ಮೂಟೆಯೊಳಗೆ ಕೈಹಾಕಿ. ಚಿಂತಾಮಣಿಯ ಕಡಲೆಕಾಯಿ ಹಿಂಡಿ, ಗೌರಿಬಿದನೂರಿನ ಮುಸುಕಿನ ಜೋಳ ಒದ್ದೆಯಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ತಪ್ಪು ಕಡಲೆಕಾಯಿ ಹಿಂಡಿಯದೆಂದು ಗೊತ್ತಾದ ಮೇಲೇ ಈ ವಿಷ ಪತ್ತೆಯಾದದ್ದು. ಬೇಯಿಸಿದರೆ ಹೋಗುವಂಥದ್ದಲ್ಲ. ಮನುಷ್ಯರು ತಿನ್ನಲಾಗದ್ದು ಕೋಳಿಗಾದರೂ ಆಗಲಿ ಎಂಬ ನಮ್ಮ ಜಿಪುಣತನ ಇಲ್ಲಿ ನಡೆಯುವುದಿಲ್ಲ.

ಕೊನೆಯದು ಹಸಿರು ಭೇದಿ. ಹಿಕ್ಕೆ ಹಸಿರು ನೀರಾಗಿ, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚಿಕೊಂಡರೆ ಅದು ಬಹುಮಟ್ಟಿಗೆ ಕೊಕ್ಕರೆ ರೋಗ. ಇದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಹತ್ತಾರು ಕೋಳಿ ಒಟ್ಟಿಗೆ ಸತ್ತರಂತೂ ಅದು ಹಕ್ಕಿಜ್ವರವೂ ಇರಬಹುದು; ಮುಟ್ಟಬೇಡಿ, ಕೊಯ್ಯಬೇಡಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. 2025ರ ಬೇಸಿಗೆಯ ಬಾಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಿತ್ತಲ ಕೋಳಿಗಳಿಗೆ ಹಕ್ಕಿಜ್ವರವೇ ಬಂದಿತ್ತು.

ಕೊಕ್ಕರೆ ರೋಗದ ಲಸಿಕೆ ಹಾಕಿಸದಿರುವುದಕ್ಕೆ ಎಲ್ಲರೂ ಹೇಳುವ ನೆಪ ಒಂದೇ: ಸೀಸೆಯಲ್ಲಿ ನೂರು ಕೋಳಿಯ ಮದ್ದಿರುತ್ತದೆ, ನಮ್ಮಲ್ಲಿರುವುದು ಎಂಟು. ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಅದು ಮುಗಿಯಬೇಕೆಂಬುದೂ ನಿಜ. ನಿಮ್ಮ ಬೀದಿಯ ಕೋಳಿಗಳನ್ನೆಲ್ಲ ಲೆಕ್ಕ ಹಾಕಿ. ಹತ್ತು ಹನ್ನೆರಡು ಮನೆ ಸೇರಿದರೆ ಒಂದು ಸೀಸೆ. ಬರುವ ಭಾನುವಾರ ಕತ್ತಲಾದ ಮೇಲೆ, ಕೋಳಿ ಗೂಡು ಸೇರಿರುವಾಗ, ಒಮ್ಮೆ ಮನೆಮನೆ ತಿರುಗಿ ಎಣಿಸಿಕೊಂಡು ಬನ್ನಿ.